ತುಕ್ಕು ಹಿಡಿದು ಜಾಮ್ ಆದ ಹಳೇ ಪೆಟ್ರೋಲ್ ಪಂಪ್: ಮುರಿಯದೆ ಬಿಡಿಸುವುದು ಹೇಗೆ?

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ದಾವಣಗೆರೆಯ ಗುಜರಿ ಅಂಗಡಿಯೊಂದರಲ್ಲಿ ನನಗೆ ಒಂದು ಹಳೇ ಪೆಟ್ರೋಲ್ ಪಂಪ್ ಸಿಕ್ಕಿತು. ಆಳೆತ್ತರದ್ದು. ಬೀಡಿನ ಪೀಠ, ತಗಡಿನ ಮೈ, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಹಿಡಿ, ಎದುರಿಗೆ ಗ್ಯಾಲನ್ ತೋರಿಸುವ ಡಯಲ್. ಹಿಡಿ ಒಂದು ಚೂರೂ ಅಲುಗುತ್ತಿರಲಿಲ್ಲ. ಟೆಂಪೋದಿಂದ ಇಳಿಸಿದ ಇಬ್ಬರು ಹುಡುಗರು, "ಅಣ್ಣಾ, ಒಂದ್ ಪೈಪ್ ಕೊಡ್ರಿ, ಈಗ್ಲೇ ಬಿಡಿಸ್ತೀವಿ" ಅಂದರು. ಕೊಟ್ಟೆ. ಮೂರಡಿ ಪೈಪನ್ನು ಹಿಡಿಗೆ ತೂರಿಸಿ ಇಬ್ಬರೂ ಒಟ್ಟಿಗೆ ಜೋತುಬಿದ್ದರು. ಹಿಡಿ ಬಾಗಲೇ ಇಲ್ಲ, ಒಂದೇ ಏಟಿಗೆ ಬುಡದಲ್ಲಿ ಮುರಿದು ಕೈಗೆ ಬಂತು. ಮುರಿದ ಜಾಗ ಬೂದು ಬಣ್ಣದ ಸಕ್ಕರೆಯ ಹಾಗೆ ಹರಳು ಹರಳಾಗಿತ್ತು. ಅದು ಬೀಡು ಕಬ್ಬಿಣ. ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ಅದು ನನಗೆ ಗೊತ್ತಿದ್ದೂ ಪೈಪ್ ಕೊಟ್ಟಿದ್ದು ನನ್ನದೇ ತಪ್ಪು.

ಇದನ್ನು ಈಗ ಬರೆಯುವುದಕ್ಕೆ ಕಾರಣ ಇದೆ. ಪಿ.ಬಿ. ರಸ್ತೆ (ಹಳೇ ಪುಣೆ-ಬೆಂಗಳೂರು ರಸ್ತೆ), ಹೆದ್ದಾರಿ ಪಕ್ಕದ ಹಳೇ ಬಂಕುಗಳು ಹೊಸದಾಗುವಾಗ ಮೂಲೆಯಲ್ಲಿ ಬಿದ್ದಿದ್ದ ಇಂಥ ಪಂಪುಗಳು ಗುಜರಿಗೆ ಬರುತ್ತವೆ. ಹೋಟೆಲ್ ಮುಂದೆ, ತೋಟದ ಮನೆಯಲ್ಲಿ ಚೆಂದಕ್ಕೆ ನಿಲ್ಲಿಸಲು ಕೊಳ್ಳುವವರು ಇದ್ದಾರೆ. ತಂದವರಲ್ಲಿ ಹೆಚ್ಚಿನವರು ಮೊದಲ ದಿನವೇ ಸುತ್ತಿಗೆ ಎತ್ತುತ್ತಾರೆ, ಏನಾದರೊಂದು ಮುರಿಯುತ್ತಾರೆ, ಆಮೇಲೆ ಫೋನ್ ಮಾಡುತ್ತಾರೆ. ಪಂಪ್ ಇಲ್ಲದವರಿಗೂ ಈ ವಿಷಯ ಬೇಕಾಗುತ್ತದೆ. ಅಜ್ಜನ ಕಾಲದ ಡೀಸೆಲ್ ಎಂಜಿನ್, ಕಬ್ಬಿನ ಗಾಣ, ಗೇಟಿನ ಕೀಲು, ಎಲ್ಲವೂ ಇದೇ ರೀತಿಯಲ್ಲೇ ಜಾಮ್ ಆಗೋದು.

ಪಂಪಿನ ಒಳಗೆ ಏನಿದೆ?

ಪೆಟ್ರೋಲ್ ಪಂಪ್ ಮೊದಲು ಹುಟ್ಟಿದ್ದು ಸೀಮೆಎಣ್ಣೆಗೆ. 1885ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಎಂಬ ಊರಿನಲ್ಲಿ ಸಿಲ್ವೇನಸ್ ಬೌಸರ್ ಎಂಬುವರು ಅಂಗಡಿಯವರೊಬ್ಬರಿಗೆ ಸೀಮೆಎಣ್ಣೆ ಅಳೆದುಕೊಡುವ ಪಂಪ್ ಮಾಡಿಕೊಟ್ಟರು. ಕಾರು ಬಂದ ಮೇಲೆ ಅದೇ ಉಪಾಯ ಪೆಟ್ರೋಲಿಗೂ ಬಂತು. ಆಮೇಲೆ ತಲೆಯ ಮೇಲೆ ಗಾಜಿನ ಕೊಳವೆ ಇರುವ ಪಂಪು ಬಂತು. ಅದರಲ್ಲಿ ಪೆಟ್ರೋಲನ್ನು ಕೈಯಿಂದ ಹೊಡೆದು ಗಾಜಿಗೆ ಏರಿಸಿ, ಅಲ್ಲಿಂದ ಕೆಳಕ್ಕೆ ಬಿಡುತ್ತಿದ್ದರು. ಎಷ್ಟು ಬಂತು ಅಂತ ಗಿರಾಕಿಗೆ ಕಣ್ಣಾರೆ ಕಾಣುತ್ತಿತ್ತು. 1930ರ ದಶಕದಲ್ಲಿ ದುಡ್ಡಿನ ಲೆಕ್ಕವನ್ನೂ ತಾನೇ ತೋರಿಸುವ ಪಂಪುಗಳು ಬಂದವು.

ಕೈಯಿಂದ ತಿರುಗಿಸುವ ಪಂಪಿನ ಒಳಗಿನ ಕೆಲಸ ಊರಿನ ಬೋರಿಂಗ್ ಕೈಪಂಪಿಗಿಂತ ಬೇರೆಯಲ್ಲ. ಹಿಡಿ ತಿರುಗಿಸಿದರೆ ಒಂದು ಹಲ್ಲಿನ ಚಕ್ರ ತಿರುಗುತ್ತದೆ, ಅದು ಹಲ್ಲಿನ ಪಟ್ಟಿಯನ್ನು ಮೇಲಕ್ಕೆ ಎಳೆಯುತ್ತದೆ, ಪಟ್ಟಿಯ ತುದಿಯಲ್ಲಿರುವ ಪಿಸ್ಟನ್ ಪೆಟ್ರೋಲನ್ನು ಎಳೆದುಕೊಂಡು ಬರುತ್ತದೆ. ಕೆಲವು ಪಂಪುಗಳಲ್ಲಿ ಪಿಸ್ಟನ್ ಒಂದು ಸಲ ತಳದಿಂದ ತುದಿಗೆ ಬಂದರೆ ಸರಿಯಾಗಿ ಒಂದು ಗ್ಯಾಲನ್. ಪಿಸ್ಟನ್ನಿಗೆ ಚರ್ಮದ ವಾಷರ್, ಹಳೇ ಸೈಕಲ್ ಪಂಪಿನಲ್ಲಿ ಇರುತ್ತಿತ್ತಲ್ಲ, ಅಂಥದ್ದೇ.

ಡಯಲ್ ಮೇಲೆ ಗ್ಯಾಲನ್ ಅಂತ ಇದ್ದರೆ ಪಂಪಿನ ವಯಸ್ಸೂ ಅಂದಾಜಿಗೆ ಸಿಗುತ್ತದೆ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂತು. ಬ್ರಿಟಿಷ್ ಗ್ಯಾಲನ್ ಅಂದರೆ ಸುಮಾರು 4.55 ಲೀಟರ್, ಅಮೆರಿಕದ್ದು 3.79.

ಬಿಡಿಸುವ ಕೆಲಸಕ್ಕೆ ಇದಕ್ಕಿಂತ ಮುಖ್ಯವಾದ ವಿಷಯ ಲೋಹಗಳದ್ದು. ಒಂದೇ ಪಂಪಿನಲ್ಲಿ ಬೀಡಿನ ಪೀಠ, ಉಕ್ಕಿನ ಶಾಫ್ಟು, ಹಿತ್ತಾಳೆ ಬುಷ್ (ಶಾಫ್ಟು ತಿರುಗುವ ಬಳೆ), ಸತುವಿನ ಎರಕದ ಸಣ್ಣ ಚಕ್ರಗಳು, ಕೆಲವು ಕಡೆ ಅಲ್ಯೂಮಿನಿಯಂ ಚೌಕಟ್ಟು, ಎಲ್ಲವೂ ಇರುತ್ತವೆ. ಒಂದೊಂದೂ ಒಂದೊಂದು ರೀತಿ ಕೆಡುತ್ತದೆ. ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ವಿಷ.

ಜಾಮ್ ಆಗುವುದು ಅಂದರೆ ಏನು?

ನಟ್ಟು ಬಿಗಿಯಾಗಿದೆ, ಅದಕ್ಕೇ ಬರುತ್ತಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಐವತ್ತು ವರ್ಷದ ಹಿಂದೆ ಯಾರೋ ಹದವಾಗಿಯೇ ಬಿಗಿ ಮಾಡಿದ್ದರು. ಆಮೇಲೆ ಆ ಸಂದಿನಲ್ಲಿ ಏನೋ ಬೆಳೆದಿದೆ.

ಕಬ್ಬಿಣಕ್ಕೆ ನೀರು, ಗಾಳಿಯಲ್ಲಿರುವ ಆಮ್ಲಜನಕ ಎರಡೂ ಸಿಕ್ಕರೆ ತುಕ್ಕು ಆಗುತ್ತದೆ. ಒಂದು ಇಲ್ಲದಿದ್ದರೂ ಆಗಲ್ಲ. ಹಾಗೆ ಹುಟ್ಟಿದ ತುಕ್ಕು, ಅದು ತಿಂದ ಕಬ್ಬಿಣಕ್ಕಿಂತ ಕಡಿಮೆ ಅಂದರೂ ಎರಡು ಪಟ್ಟು ಜಾಗ ಹಿಡಿಯುತ್ತದೆ. ನೀರಿನಂಶ ಸೇರಿಕೊಂಡರೆ ಇನ್ನೂ ಜಾಸ್ತಿ. ದಾವಣಗೆರೆಯ ಮಂಡಕ್ಕಿ ಭಟ್ಟಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಹಿಡಿ ಅಕ್ಕಿ ಬಿಸಿ ಮರಳಿಗೆ ಬಿದ್ದರೆ ಬುಟ್ಟಿ ತುಂಬ ಅರಳುತ್ತದೆ, ಅಲ್ವಾ? ಅದೇ ಅಕ್ಕಿಯನ್ನು ಅಲುಗಾಡಲೂ ಜಾಗವಿಲ್ಲದ ಡಬ್ಬಿಯಲ್ಲಿ ಹಾಕಿ, ಮುಚ್ಚಿ, ಒಳಗೇ ಅರಳಿಸಿದರೆ ಏನಾಗಬಹುದು ಯೋಚಿಸಿ. ನಟ್ಟು ಮತ್ತು ಬೋಲ್ಟಿನ ಥ್ರೆಡ್ ನಡುವೆ ಇರುವ ಜಾಗ ಕೂದಲೆಳೆಯಷ್ಟು. ಅಲ್ಲಿ ತುಕ್ಕು ಅರಳಿದರೆ ಹೊರಗೆ ಹೋಗಲು ದಾರಿಯಿಲ್ಲ. ಎರಡೂ ಕಡೆ ಒತ್ತುತ್ತದೆ. ಅದೇ ಹಿಡಿತ.

ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆ ಮಳೆ ಕಡಿಮೆ, ಕರಾವಳಿಯಷ್ಟು ಬೇಗ ಕಬ್ಬಿಣ ತಿನ್ನಿಸಿಕೊಳ್ಳುವುದಿಲ್ಲ. ಆದರೂ ಪಂಪಿನ ಬುಡ ಮಾತ್ರ ಹೋಗಿರುತ್ತದೆ. ರಾತ್ರಿ ತಣ್ಣಗಾದಾಗ ಒಳಗಿನ ಗಾಳಿಯ ತೇವ ತಗಡಿಗೆ ಕೂತು, ಇಳಿದು, ಪೀಠದ ಬೋಲ್ಟುಗಳ ಸುತ್ತ ಸೇರುತ್ತದೆ. ಮೇಲಿನಿಂದ ದೂಳು ಬಿದ್ದು ಆ ತೇವವನ್ನು ಒದ್ದೆ ಬಟ್ಟೆಯ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಪಂಪಿನಲ್ಲಿ ಮೇಲಿನ ಸ್ಕ್ರೂಗಳು ಸ್ಕ್ರೂ ಡ್ರೈವರ್ ಇಟ್ಟ ಕೂಡಲೇ ಬಂದವು. ಪೀಠದ ನಾಲ್ಕು ಬೋಲ್ಟಿಗೆ ಹದಿನೈದು ದಿನ ಹಿಡಿಯಿತು.

ಹಿಡಿದಿರುವುದು ಯಾವುದು? ಮೊದಲು ಅದನ್ನು ನೋಡಿ

ಇದೊಂದು ಹೆಜ್ಜೆಯನ್ನು ಎಲ್ಲರೂ ಬಿಡುತ್ತಾರೆ. ಜಾಮ್ ಆದದ್ದೆಲ್ಲ ತುಕ್ಕಿನಿಂದಲೇ ಆದದ್ದಲ್ಲ. ಒಂದು ಟಾರ್ಚು, ಒಂದು ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಒಂದು ಗಂಟೆ ಸುಮ್ನೆ ನೋಡಿ.

ಕೆಂಪು ಕಂದು ಬಣ್ಣದ ಪುಡಿ, ಪದರ ಪದರವಾಗಿ ಏಳುತ್ತಿದ್ದರೆ ಅದು ತುಕ್ಕು, ಕಬ್ಬಿಣದ್ದು. ಹಸಿರು ಅಥವಾ ನೀಲಿ ಹಸಿರು ಇದ್ದರೆ ಅದು ಕಿಲುಬು, ಹಿತ್ತಾಳೆ ತಾಮ್ರದ್ದು. ಹುಣಿಸೆಹಣ್ಣಿಗೆ ಬಿಡುವುದು ಈ ಕಿಲುಬೇ. ಬಿಳೀ ಪುಡಿ, ಸುಣ್ಣ ಒಣಗಿದ ಹಾಗೆ ಇದ್ದರೆ ಅದು ಅಲ್ಯೂಮಿನಿಯಂ ಅಥವಾ ಸತುವಿನದ್ದು. ಈ ಬಿಳೀ ಪುಡಿ ಇದ್ದಲ್ಲಿ ಹುಷಾರಾಗಿರಬೇಕು. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ ನಡುವೆ ತೇವ ಇದ್ದರೆ ಅದೊಂದು ಸಣ್ಣ ಬ್ಯಾಟರಿಯೇ ಆಗಿಬಿಡುತ್ತದೆ. ಎರಡರಲ್ಲಿ ದುರ್ಬಲ ಲೋಹ ಕರಗುತ್ತಾ ಹೋಗುತ್ತದೆ. ಅಲ್ಯೂಮಿನಿಯಂ ಚೌಕಟ್ಟಿಗೆ ಉಕ್ಕಿನ ಸ್ಕ್ರೂ ಹಾಕಿದ್ದರೆ ಸ್ಕ್ರೂ ನೋಡಲು ಚೆನ್ನಾಗಿಯೇ ಇರುತ್ತದೆ, ಸುತ್ತಲಿನ ಅಲ್ಯೂಮಿನಿಯಂ ಪುಡಿಯಾಗಿರುತ್ತದೆ. ಅಲ್ಲಿ ಜೋರು ಹಾಕಿದರೆ ಚೌಕಟ್ಟೇ ಬಿರಿಯುತ್ತದೆ.

ಇನ್ನು ಪೆಟ್ರೋಲ್ ಓಡಾಡುವ ಭಾಗಗಳು, ಅಂದರೆ ಪಿಸ್ಟನ್, ವಾಲ್ವು, ಮೀಟರ್. ಇಲ್ಲಿ ತುಕ್ಕೇ ಇಲ್ಲದೆಯೂ ಜಾಮ್ ಆಗಿರಬಹುದು. ಪೆಟ್ರೋಲ್ ಆರಿಹೋದರೆ ಕೊನೆಗೆ ಕಂದು ಬಣ್ಣದ ಅಂಟು ಉಳಿಯುತ್ತದೆ. ಎಣ್ಣೆ ಬಾಂಡ್ಲಿಯ ಹೊರಗೆ ಕೂತ ಜಿಗುಟು ಗೊತ್ತಲ್ಲ, ಹಾಗೆ. ಇದಕ್ಕೆ ತುಕ್ಕಿನ ಎಣ್ಣೆ ಎಷ್ಟು ಹಾಕಿದರೂ ಪ್ರಯೋಜನ ಇಲ್ಲ. ಅಸಿಟೋನ್ ಅಥವಾ ಕಾರ್ಬುರೇಟರ್ ಕ್ಲೀನರ್ ಹಾಕಿದರೆ ಅರ್ಧ ಗಂಟೆಗೆ ಕರಗುತ್ತದೆ. ಚರ್ಮದ ವಾಷರ್ ಒಣಗಿ ಸಿಲಿಂಡರಿಗೆ ಅಂಟಿದ್ದರೆ ಅದಕ್ಕೆ ಮಾತ್ರ ಅಸಿಟೋನ್ ಬೇಡ, ಇನ್ನೂ ಒಣಗಿ ಚೂರಾಗುತ್ತದೆ. ಹರಳೆಣ್ಣೆ ಬಿಟ್ಟು ಎರಡು ದಿನ ಇಡಿ, ಮೆತ್ತಗಾಗುತ್ತದೆ.

ಕೊನೆಯದು ಬಣ್ಣ. ನನ್ನ ಪಂಪಿಗೆ ನೀಲಿ, ಅದರ ಕೆಳಗೆ ಕೆಂಪು, ಅದರ ಕೆಳಗೆ ಹಳದಿ, ಮೂರು ಪದರ ಇತ್ತು. ಹಿಂದಿನ ಬಾಗಿಲು ತುಕ್ಕಿನಿಂದ ಹಿಡಿದಿದೆ ಅಂತ ಒಂದು ವಾರ ಎಣ್ಣೆ ಬಿಟ್ಟೆ. ಸಂದಿನಲ್ಲಿ ಬ್ಲೇಡ್ ಎಳೆದು ಬಣ್ಣ ಕತ್ತರಿಸಿದ ತಕ್ಷಣ ಬಾಗಿಲು ತಾನಾಗಿ ತೆರೆದುಕೊಂಡಿತು.

ಕಿಡಿ ತಾಗಿಸುವ ಮುಂಚೆ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಎಷ್ಟು ಬಿಡಬಹುದು ಲೆಕ್ಕ ಹಾಕಿ. ಆ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ತುಂಬಿದ ಡಬ್ಬಿಗಿಂತ ಖಾಲಿ ಡಬ್ಬಿಯೇ ಅಪಾಯ ಅನ್ನುವುದು ಇದಕ್ಕೇ. ತುಂಬಿದ್ದರಲ್ಲಿ ಗಾಳಿ ಇಲ್ಲ, ಖಾಲಿಯಾದದ್ದರಲ್ಲಿ ಆವಿ, ಗಾಳಿ ಎರಡೂ ಬೆರೆತು ಕಾಯುತ್ತಿರುತ್ತವೆ.

ಹಾಗಾಗಿ ಪಂಪ್ ತಂದ ಮೊದಲ ವಾರ ಬಯಲಲ್ಲಿ ಇಡಿ. ಎಲ್ಲ ಮುಚ್ಚಳ, ಪೈಪು ಬಿಚ್ಚಿ, ಸೋಪಿನ ನೀರಿನಿಂದ ಎರಡು ಮೂರು ಸಲ ತೊಳೆದು, ಒಣಗಿಸಿ. ಪೆಟ್ರೋಲ್ ಹೋಗುವ ಭಾಗಕ್ಕೆ ವಾಸನೆ ಇರಲಿ ಬಿಡಲಿ ನಾನು ಬೆಂಕಿ ಹಿಡಿಯುವುದೇ ಇಲ್ಲ, ಬಿಸಿನೀರು ಸಾಕು. ಗ್ರೈಂಡರ್ ಕಿಡಿಯೂ ಬೆಂಕಿಯೇ.

ಇನ್ನೊಂದು, ಸೀಸ. ನಮ್ಮ ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ಮಾರಾಟ ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಹಳೇ ಪಂಪಿನ ಒಳಗಿನ ಕೆಸರಿನಲ್ಲಿ, ಹೊರಗಿನ ಹಳೇ ಬಣ್ಣದಲ್ಲಿ ಎರಡರಲ್ಲೂ ಸೀಸ ಇರಬಹುದು. ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ನೀರು ಹಾಕಿ ಉಜ್ಜಿ. ಕೈಗೆ ಗ್ಲೌಸು, ಮೂಗಿಗೆ ಒಳ್ಳೇ ಮಾಸ್ಕು. ಮಕ್ಕಳನ್ನು ಹತ್ತಿರ ಬಿಡಬೇಡಿ.

ಎಣ್ಣೆ ಒಳಗೆ ಇಳಿಯುವುದು ಹೇಗೆ?

ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ. ಯಾರೂ ತಳ್ಳಬೇಕಿಲ್ಲ. ಸಂದು ಎಷ್ಟು ಸಣ್ಣದೋ ಎಳೆತ ಅಷ್ಟು ಜಾಸ್ತಿ. ತುಕ್ಕು ನಮ್ಮ ಕಣ್ಣಿಗೆ ಗಟ್ಟಿ ಕಂಡರೂ ಒಳಗೆ ಇಟ್ಟಿಗೆಯ ಹಾಗೆ ತೂತು ತೂತಾಗಿರುತ್ತದೆ, ಬತ್ತಿಯ ಹಾಗೇ ಎಣ್ಣೆ ಕುಡಿಯುತ್ತದೆ. ಆದರೆ ಎಣ್ಣೆ ತೆಳುವಾಗಿರಬೇಕು. ಎಂಜಿನ್ ಆಯಿಲ್, ಗ್ರೀಸ್ ದಪ್ಪ, ಬಾಯಲ್ಲೇ ನಿಲ್ಲುತ್ತದೆ. ಅಡುಗೆ ಎಣ್ಣೆ ಬೇಡವೇ ಬೇಡ, ಕೆಲವು ತಿಂಗಳಿಗೆ ಅದೇ ಒಣಗಿ ಅಂಟಾಗುತ್ತದೆ.

ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿರುವ ಡಬ್ಬಿ ಡಬ್ಲ್ಯುಡಿ-40. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಹುಟ್ಟಿದ್ದು, ಮೊದಲು ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಿರಲಿ ಅಂತ. ಹೆಸರಿನ ಅರ್ಥವೇ ನೀರನ್ನು ಹೊರಕ್ಕೆ ತಳ್ಳುವ 40ನೇ ಪ್ರಯತ್ನ ಅಂತ. ಸುಮಾರಾಗಿ ಹಿಡಿದ ನಟ್ಟಿಗೆ ಸಾಕು. ದಶಕಗಳಿಂದ ಹಿಡಿದದ್ದಕ್ಕೆ ಹಳೇ ವಾಹನ ರಿಪೇರಿ ಮಾಡುವವರು ತಾವೇ ಬೆರೆಸಿಕೊಳ್ಳುವ ಒಂದು ಮಿಶ್ರಣ ಇದೆ: ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಟಿಎಫ್ ಆಯಿಲ್ ಅರ್ಧ, ಅಸಿಟೋನ್ ಅರ್ಧ. ಅಸಿಟೋನ್ ತೆಳುವಾಗಿಸಿ ಒಳಗೆ ಒಯ್ಯುತ್ತದೆ, ಆಮೇಲೆ ಆರಿಹೋಗುತ್ತದೆ, ಆಯಿಲ್ ಅಲ್ಲೇ ಉಳಿಯುತ್ತದೆ. ಎರಡೂ ಸರಿಯಾಗಿ ಬೆರೆಯುವುದಿಲ್ಲ, ಪ್ರತಿ ಸಲ ಅಲ್ಲಾಡಿಸಿ ಹಾಕಬೇಕು. ಬಣ್ಣ, ಪ್ಲಾಸ್ಟಿಕ್ ತಿನ್ನುತ್ತದೆ. ಬೆಂಕಿಗೆ ಪೆಟ್ರೋಲಿನಷ್ಟೇ ಬೇಗ ಹತ್ತಿಕೊಳ್ಳುತ್ತದೆ, ಹಾಗಾಗಿ ಇದನ್ನು ಹಾಕಿದ ಕಡೆ ಬಿಸಿ ಮಾಡುವ ಹಾಗಿಲ್ಲ.

ಏನು ಹಾಕುತ್ತೀರಿ ಅನ್ನುವುದಕ್ಕಿಂತ ಎಷ್ಟು ದಿನ ಹಾಕುತ್ತೀರಿ ಅನ್ನುವುದೇ ಮುಖ್ಯ. ಮೊದಲು ತಂತಿ ಬ್ರಷ್ಷಿನಿಂದ ಹೊರಗಿನ ತುಕ್ಕು ತೆಗೆಯಿರಿ, ಇಲ್ಲದಿದ್ದರೆ ಎಣ್ಣೆಯನ್ನೆಲ್ಲ ಅದೇ ಕುಡಿಯುತ್ತದೆ. ದಿನಕ್ಕೆ ಎರಡು ಸಲ, ನಾಲ್ಕೈದು ಹನಿ. ಹಾಕಿದ ಮೇಲೆ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ಹತ್ತಿಪ್ಪತ್ತು ಸಲ ತಟ್ಟಿ. ಆ ನಡುಕಕ್ಕೆ ತುಕ್ಕಿನಲ್ಲಿ ಬಿರುಕು ಬಿಟ್ಟು ಎಣ್ಣೆಗೆ ಹೊಸ ದಾರಿ ಆಗುತ್ತದೆ.

ನನ್ನ ಹಿಡಿಯ ಶಾಫ್ಟಿಗೆ ಒಂಬತ್ತು ದಿನ ಹೀಗೆ ಮಾಡಿದೆ. ಎಂಟು ದಿನ ಏನೂ ಕಾಣಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಶಾಫ್ಟಿನ ಆ ಕಡೆಯ ತುದಿಯಲ್ಲಿ, ಹಿತ್ತಾಳೆ ಬುಷ್ಷಿನ ಸುತ್ತ, ಕಾಫಿ ಬಣ್ಣದ ತೆಳುವಾದ ಉಂಗುರ ಮೂಡಿತ್ತು. ಈ ಕಡೆ ಹಾಕಿದ ಎಣ್ಣೆ ನಾಲ್ಕು ಇಂಚು ದಾಟಿ ಆ ಕಡೆ ಬಂದಿತ್ತು. ಅಂದು ಸಂಜೆ ಶಾಫ್ಟು ತಿರುಗಿತು, ಗಡಿಯಾರದ ಮುಳ್ಳು ಐದು ನಿಮಿಷ ಸರಿದಷ್ಟು. ಅಷ್ಟು ಬಂದರೆ ಉಳಿದದ್ದು ಬರುತ್ತದೆ.

ಬಿಸಿ ಏಕೆ ಬೇಕು, ಎಲ್ಲಿ ಬೇಡ?

ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಹಳಿ ಹಾಕುವುದನ್ನು ಹಿರಿಯರು ನೋಡಿರುತ್ತಾರೆ. ಹಳಿ ಚಕ್ರಕ್ಕಿಂತ ಸ್ವಲ್ಪ ಸಣ್ಣದಿರುತ್ತದೆ. ಸುತ್ತ ಬೆಂಕಿ ಹಾಕಿ ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ, ಚಕ್ರದ ಮೇಲೆ ಕೂರುತ್ತದೆ, ನೀರು ಹೊಯ್ದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ನಾವು ಮಾಡಬೇಕಾದ್ದು ಅದರ ಉಲ್ಟಾ.

ಲೆಕ್ಕ ಸಣ್ಣದು. ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. ಹಿತ್ತಾಳೆ ಸುಮಾರು 19, ಅಲ್ಯೂಮಿನಿಯಂ 23. ಹತ್ತು ಮಿಲಿಮೀಟರ್ ನಟ್ಟನ್ನು 200 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಅದರ ತೂತು 0.024 ಮಿಲಿಮೀಟರ್ ದೊಡ್ಡದಾಗುತ್ತದೆ. ತಲೆಕೂದಲಿನ ಮೂರನೇ ಒಂದು ಭಾಗ. ಇಷ್ಟರಿಂದ ಏನಾಗುತ್ತದೆ ಅನಿಸಬಹುದು, ಆದರೆ ತುಕ್ಕು ರಬ್ಬರಿನ ಹಾಗೆ ಎಳೆದರೆ ಬಗ್ಗುವ ವಸ್ತು ಅಲ್ಲ, ಗಾಜಿನ ಹಾಗೆ ಬಿರಿಯುವಂಥದ್ದು. ಅಷ್ಟು ಅಲುಗಾಡಿದರೆ ಸಾಕು, ಬಿರುಕು ಬಿಡುತ್ತದೆ.

ಆದರೆ ನಟ್ಟು ಮಾತ್ರ ಬಿಸಿಯಾಗಬೇಕು, ಬೋಲ್ಟು ಅಲ್ಲ. ಅಡುಗೆ ಮನೆಯಲ್ಲಿ ಲೋಟದೊಳಗೆ ಲೋಟ ಸಿಕ್ಕಿಕೊಂಡರೆ ಹೊರಗಿನದನ್ನು ಬಿಸಿನೀರಿನಲ್ಲಿ ಇಟ್ಟು ಒಳಗಿನದಕ್ಕೆ ತಣ್ಣೀರು ಹಾಕುತ್ತೇವಲ್ಲ, ಅದೇ ಉಪಾಯ. ಎರಡೂ ಒಟ್ಟಿಗೆ ಬಿಸಿಯಾದರೆ ಲಾಭ ಕಡಿಮೆ. ಹೊರಗೆ ಹಿತ್ತಾಳೆ, ಒಳಗೆ ಉಕ್ಕು ಇದ್ದರೆ ಎರಡೂ ಬಿಸಿಯಾದರೂ ಸಡಿಲವಾಗುತ್ತದೆ, ಏಕೆಂದರೆ ಹಿತ್ತಾಳೆ ಜಾಸ್ತಿ ಹಿಗ್ಗುತ್ತದೆ. ಒಳಗೆ ಹಿತ್ತಾಳೆ, ಹೊರಗೆ ಬೀಡು ಇದ್ದರೆ ಉಲ್ಟಾ, ಇನ್ನೂ ಬಿಗಿಯಾಗುತ್ತದೆ.

ಬಿಸಿ ಇರುವಾಗಲೇ ಒಂದು ಮೇಣದಬತ್ತಿಯನ್ನು ಥ್ರೆಡ್ಡಿಗೆ ತಾಗಿಸಿ. ಕರಗಿದ ಮೇಣ ಸರ್ರನೆ ಒಳಕ್ಕೆ ಹೋಗುವುದು ಕಾಣುತ್ತದೆ. ಐದು ರೂಪಾಯಿಯ ಮೇಣದಬತ್ತಿ ಎಷ್ಟೋ ದುಬಾರಿ ಸ್ಪ್ರೇಗಿಂತ ಒಳ್ಳೆಯ ಕೆಲಸ ಮಾಡಿದ್ದನ್ನು ನಾನು ನೋಡಿದ್ದೇನೆ.

ಎಲ್ಲಿ ಬೇಡ? ಸತುವಿನ ಎರಕದ ಚಕ್ರಗಳು 380ರಿಂದ 390 ಡಿಗ್ರಿಗೆ ಕರಗಿಬಿಡುತ್ತವೆ, ಗ್ಯಾಸ್ ಟಾರ್ಚ್ ಮುಂದೆ ಬೆಣ್ಣೆಯೇ. ಗಾಜಿನ ಹತ್ತಿರ ಬೇಡ. ಬೀಡನ್ನು ಕಾಯಿಸಿದ ಮೇಲೆ ನೀರು ಹಾಕಬಾರದು, ಕಾದ ದೋಸೆ ಹೆಂಚಿಗೆ ಕೊಡ ನೀರು ಸುರಿದರೆ ಏನಾಗುತ್ತದೋ ಅದೇ ಆಗುತ್ತದೆ. ಸತುವಿನ ಲೇಪ ಇರುವ ಬೋಲ್ಟು ಕಾಯಿಸಿದರೆ ಬರುವ ಬಿಳಿ ಹೊಗೆ ಕುಡಿದರೆ ಜ್ವರ ಬರುತ್ತದೆ. ಬಯಲಲ್ಲೇ ಮಾಡಿ.

ಪಾನಾ ಹಿಡಿಯುವ ಕೈ

ವಿದೇಶದಿಂದ ಬಂದ ಹಳೇ ಪಂಪುಗಳಲ್ಲಿ ಇರುವುದು ಇಂಚಿನ ಅಳತೆ. ಬ್ರಿಟನ್ನಿನದ್ದಾದರೆ ವಿಟ್‌ವರ್ತ್ ಥ್ರೆಡ್. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮಾಡಿದ ಅಳತೆ ಅದು, ಥ್ರೆಡ್ಡಿನ ಕೋನ 55 ಡಿಗ್ರಿ. ಅಮೆರಿಕದ್ದು, ಈಗಿನ ಮೆಟ್ರಿಕ್‌ದು 60 ಡಿಗ್ರಿ. ವಿಟ್‌ವರ್ತ್ ನಟ್ಟೊಂದನ್ನು ನಾನು ಅಳೆದಾಗ 15.2 ಮಿಲಿಮೀಟರ್ ಬಂತು. 15ರ ಪಾನಾ ಒಳಗೇ ಹೋಗಲ್ಲ, 16ರದ್ದು ಸಡಿಲ. ಸಡಿಲ ಪಾನಾದಲ್ಲಿ ಎಳೆದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ, ಆಮೇಲೆ ಯಾವ ಪಾನಾವೂ ಕೂರಲ್ಲ. ಜಾಮ್ ಆದ ನಟ್ಟು ಹಾಳಾಗುವುದು ತುಕ್ಕಿಗಿಂತ ಇದರಿಂದಲೇ ಜಾಸ್ತಿ. ಹಳೇ ಲೇತ್ ಅಂಗಡಿಗಳಲ್ಲಿ ವಿಟ್‌ವರ್ತ್ ಪಾನಾ ಸಿಗುತ್ತದೆ, ಕೇಳಿ ತನ್ನಿ. ಹನ್ನೆರಡು ಮೂಲೆಯ ರಿಂಗ್ ಪಾನಾಗಿಂತ ಆರು ಮೂಲೆಯ ಬಾಕ್ಸ್ ಪಾನಾ ಒಳ್ಳೆಯದು.

ಯಾವ ಕಡೆ ತಿರುಗಿಸಬೇಕು ಅನ್ನುವುದನ್ನೂ ನೋಡಿ. ಸೈಕಲ್ಲಿನ ಎಡ ಪೆಡಲ್ ಉಲ್ಟಾ ಥ್ರೆಡ್ ಇರುತ್ತದೆ ಗೊತ್ತಲ್ಲ. ತಿರುಗುವ ಭಾಗಗಳಲ್ಲಿ ಅಂಥದ್ದು ಇಲ್ಲೂ ಇರಬಹುದು. ಬೋಲ್ಟಿನ ತುದಿ ಹೊರಗೆ ಕಾಣುತ್ತಿದ್ದರೆ ಥ್ರೆಡ್ ಯಾವ ಕಡೆ ಏರಿದೆ ಅಂತ ಕಣ್ಣಿಂದಲೇ ತಿಳಿಯುತ್ತದೆ.

ಮೊದಲ ಎಳೆತ ಬಿಚ್ಚುವ ಕಡೆಗಲ್ಲ, ಬಿಗಿ ಮಾಡುವ ಕಡೆಗೆ, ಚೂರೇ ಚೂರು. ತುಕ್ಕು ಯಾವ ಕಡೆಗಾದರೂ ಸರಿ, ಒಮ್ಮೆ ಬಿರಿಯಬೇಕು ಅಷ್ಟೇ. ಆಮೇಲೆ ಬಿಚ್ಚುವ ಕಡೆ. ಕಾಲು ಸುತ್ತು ಬಂದರೆ ಅದರಲ್ಲಿ ಅರ್ಧದಷ್ಟು ಹಿಂದಕ್ಕೆ, ಎಣ್ಣೆ, ಮತ್ತೆ ಮುಂದಕ್ಕೆ. ಒಂದೇ ಸಮನೆ ಬಿಚ್ಚುತ್ತಾ ಹೋದರೆ ಒಳಗಿನ ತುಕ್ಕಿನ ಪುಡಿ ಥ್ರೆಡ್ಡಿನಲ್ಲಿ ರಾಶಿಯಾಗಿ ಎರಡನೇ ಸಲ ಹಿಡಿಯುತ್ತದೆ. ಆ ಎರಡನೇ ಹಿಡಿತ ಮೊದಲಿನದಕ್ಕಿಂತ ಕೆಟ್ಟದ್ದು.

ಕೈಗೂ ಕಿವಿಗೂ ಒಂದು ವಿಷಯ ಗೊತ್ತಿರಬೇಕು. ನಟ್ಟು ನಿಜವಾಗಿ ಬಿಟ್ಟರೆ "ಟಿಕ್" ಅಂತ ಒಣ ಸದ್ದು ಬರುತ್ತದೆ, ಕೈಗೆ ಒಂದು ಸಣ್ಣ ಏಟು ತಾಗುತ್ತದೆ. ಸದ್ದೇ ಇಲ್ಲದೆ, ರಬ್ಬರ್ ತಿರುಗಿಸಿದ ಹಾಗೆ ಮೆತ್ತಗೆ ಬರುತ್ತಿದ್ದರೆ ನಿಲ್ಲಿಸಿ. ನಟ್ಟು ಬರುತ್ತಿಲ್ಲ, ಬೋಲ್ಟು ಹುರಿಯಾಗುತ್ತಿದೆ. ಇನ್ನು ಅರ್ಧ ಸುತ್ತಿಗೆ ಮುರಿಯುತ್ತದೆ. ಅಲ್ಲೇ ಬಿಟ್ಟು ಇನ್ನೂ ಮೂರು ದಿನ ಎಣ್ಣೆ ಹಾಕಿ.

ಸುತ್ತಿಗೆ ಬಳಸುವಾಗ ಬೀಡಿನ ಹಿಂದೆ ಇನ್ನೊಂದು ಭಾರದ ಸುತ್ತಿಗೆ ಒತ್ತಿ ಹಿಡಿದು ಎದುರಿನಿಂದ ಹೊಡೆಯಿರಿ. ಆಗ ಏಟು ತುಕ್ಕಿಗೆ ಹೋಗುತ್ತದೆ, ಬೀಡಿಗೆ ಅಲ್ಲ.

ಬಿಚ್ಚಲು ಆಗದಿದ್ದರೆ ನೆನೆಸುವುದು

ಕೆಲವು ಭಾಗಗಳಿಗೆ ಪಾನಾ ಹಾಕುವ ಜಾಗವೇ ಇರುವುದಿಲ್ಲ. ಉದಾಹರಣೆಗೆ ಸಿಲಿಂಡರಿನೊಳಗೆ ಹಿಡಿದ ಹಲ್ಲಿನ ಪಟ್ಟಿ. ಅಂಥದ್ದನ್ನು ಇಡೀ ನೆನೆಸಬೇಕು.

ಒಂದು ದಾರಿ ಕರೆಂಟು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ಬಟ್ಟೆ ಒಗೆಯುವ ವಾಷಿಂಗ್ ಸೋಡಾ. 12 ವೋಲ್ಟ್ ಬ್ಯಾಟರಿ ಚಾರ್ಜರಿನ ಮೈನಸ್ ತಂತಿ ನಮ್ಮ ಭಾಗಕ್ಕೆ, ಪ್ಲಸ್ ತಂತಿ ಬೇಡದ ಒಂದು ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಗುಳ್ಳೆ ಏಳುತ್ತಾ ತುಕ್ಕು ಸಡಿಲವಾಗಿ ಕಪ್ಪು ಕೆಸರಾಗುತ್ತದೆ, ಒಳ್ಳೇ ಕಬ್ಬಿಣ ಹಾಗೇ ಉಳಿಯುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಹೊತ್ತಿಕೊಳ್ಳುವಂಥದ್ದು, ಬಯಲಲ್ಲೇ ಇಡಿ. ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಿ. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಚಮಚ, ತಟ್ಟೆ ಹಾಕಲೇಬೇಡಿ. ಅದರಲ್ಲಿರುವ ಕ್ರೋಮಿಯಂ ನೀರಿಗಿಳಿದು ಕ್ಯಾನ್ಸರ್ ತರುವ ವಿಷವಾಗುತ್ತದೆ.

ಇನ್ನೊಂದು ದಾರಿ ಕಾಕಂಬಿ. ಒಂದು ಪಾಲು ಕಾಕಂಬಿಗೆ ಹತ್ತು ಪಾಲು ನೀರು, ಎರಡರಿಂದ ನಾಲ್ಕು ವಾರ. ಅದರಲ್ಲಿರುವ ಅಂಶಗಳು ತುಕ್ಕನ್ನು ಹಿಡಿದೆಳೆದು ಕರಗಿಸುತ್ತವೆ, ಕಬ್ಬಿಣವನ್ನು ಹೆಚ್ಚು ಮುಟ್ಟುವುದಿಲ್ಲ. ವಾಸನೆ ಮಾತ್ರ ತಡೆಯಲಾಗದು, ಮನೆಯಿಂದ ದೂರ ಇಡಬೇಕು. ನಿಂಬೆ ಉಪ್ಪು ಬೇಗ ಆಗುತ್ತದೆ, ಆದರೆ ಒಳ್ಳೇ ಕಬ್ಬಿಣವನ್ನೂ ತಿನ್ನುತ್ತದೆ, ದಿನವೂ ನೋಡುತ್ತಿರಬೇಕು. ಸ್ಪ್ರಿಂಗುಗಳನ್ನು ಹುಳಿಗಾಗಲಿ ಕರೆಂಟಿಗಾಗಲಿ ಹಾಕಬೇಡಿ, ಹೈಡ್ರೋಜನ್ ಒಳಗೆ ಸೇರಿ ಮುರುಕಲಾಗುತ್ತವೆ. ಅಲ್ಯೂಮಿನಿಯಂ, ಸತು ಇರುವ ಭಾಗಗಳಿಗೆ ಈ ಮೂರೂ ಬೇಡ.

ನೀರಿನಿಂದ ತೆಗೆದ ಭಾಗ ಒಂದು ಗಂಟೆಯಲ್ಲೇ ಮತ್ತೆ ಕೆಂಪಾಗಲು ಶುರುವಾಗುತ್ತದೆ. ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಸವರಿ.

ಮುರಿದೇ ಹೋದರೆ

ಬೋಲ್ಟು ಮುರಿದು ತುಂಡು ಒಳಗೇ ಉಳಿದರೆ ಅದರ ಮೇಲೆ ಒಂದು ನಟ್ಟು ಇಟ್ಟು ವೆಲ್ಡಿಂಗ್ ಮಾಡಿಸುವುದು ಒಳ್ಳೆಯದು. ಹಿಡಿಯಲು ನಟ್ಟೂ ಸಿಕ್ಕಿತು, ವೆಲ್ಡಿಂಗ್ ಬಿಸಿಗೆ ತುಕ್ಕೂ ಬಿರಿಯಿತು. ಪೆಟ್ರೋಲ್ ಆವಿಯ ಮಾತು ಇಲ್ಲೂ ನೆನಪಿರಲಿ. ತುಂಡಿನೊಳಗೆ ತೂತು ಕೊರೆದು ಉಲ್ಟಾ ಥ್ರೆಡ್ಡಿನ ಎಕ್ಸ್‌ಟ್ರಾಕ್ಟರ್ ಹಾಕುವ ದಾರಿಯೂ ಇದೆ, ಆದರೆ ಅದು ಗಡಸು ಉಕ್ಕು, ಅದೇ ಒಳಗೆ ಮುರಿದರೆ ಡ್ರಿಲ್ ಕೂಡ ಕಚ್ಚಲ್ಲ. ಅನುಭವ ಇಲ್ಲದಿದ್ದರೆ ಭಾಗವನ್ನು ಲೇತ್ ಅಂಗಡಿಗೆ ಒಯ್ಯಿರಿ. ನನ್ನ ಮುರಿದ ಹಿಡಿಯನ್ನು ಹಾಗೇ ಮಾಡಿಸಿದೆ. ಬೀಡಿಗೆ ಬೇರೆಯೇ ವೆಲ್ಡಿಂಗ್ ಕಡ್ಡಿ ಬೇಕು, ಮೊದಲು ಕಾಯಿಸಿ, ಆಮೇಲೆ ಬೂದಿಯಲ್ಲಿ ಹೂತಿಟ್ಟು ನಿಧಾನವಾಗಿ ಆರಿಸಬೇಕು. ಬೆಸುಗೆಯ ಗೆರೆ ಈಗಲೂ ಕಾಣುತ್ತದೆ, ಬಣ್ಣ ಹಾಕಿ ಮುಚ್ಚಿಲ್ಲ.

ಮತ್ತೆ ಜೋಡಿಸುವಾಗ

ಎಲ್ಲ ಥ್ರೆಡ್ಡಿಗೂ ಗ್ರೀಸ್ ಸವರಿ ಜೋಡಿಸಿ. ಬೇರೆ ಬೇರೆ ಲೋಹ ಸೇರುವ ಕಡೆ ಇದು ಇನ್ನೂ ಮುಖ್ಯ, ತೇವ ಒಳಗೆ ಹೋಗದಿದ್ದರೆ ಆ ಸಣ್ಣ ಬ್ಯಾಟರಿ ಹುಟ್ಟುವುದಿಲ್ಲ. ಪೀಠವನ್ನು ಸಿಮೆಂಟಿನ ಮೇಲೆ ನೇರವಾಗಿ ಕೂರಿಸಬೇಡಿ, ರಬ್ಬರ್ ಹಾಳೆ ಕೊಡಿ, ನೀರು ಹೋಗಲು ಒಂದು ತೂತು ಬಿಡಿ.

ಸತುವಿನ ಚಕ್ರಗಳಲ್ಲಿ ಮೈತುಂಬ ಬಿರುಕು ಬಿಟ್ಟು ಊದಿಕೊಂಡಿದ್ದರೆ ಬಿಡಿಸುವ ಪ್ರಯತ್ನ ಬೇಡ. ಎರಕದಲ್ಲೇ ಸೀಸದಂಥ ಕಲಬೆರಕೆ ಇದ್ದರೆ ಹಾಗಾಗುತ್ತದೆ, ಅದು ವಾಪಸ್ ಬರುವ ರೋಗ ಅಲ್ಲ. ಅಳತೆ ತೆಗೆದು ಹೊಸದು ಮಾಡಿಸಬೇಕು.

ನನ್ನ ಪಂಪಿನಲ್ಲಿ ಈಗ ಹಿಡಿ ತಿರುಗುತ್ತದೆ, ಪಟ್ಟಿ ಮೇಲೆ ಬರುತ್ತದೆ, ಪಿಸ್ಟನ್ ಗಾಳಿ ಎಳೆಯುವ ಸದ್ದು ಕೇಳಿಸುತ್ತದೆ. ಡಯಲ್ ಮುಳ್ಳಿನ ಸಣ್ಣ ಶಾಫ್ಟು ಒಂದು ಮಾತ್ರ ಇನ್ನೂ ಬಿಟ್ಟಿಲ್ಲ. ಉಕ್ಕಿನ ಶಾಫ್ಟು, ಸುತ್ತ ಸತು, ಬೆಂಕಿಯೂ ಬೇಡ, ಹುಳಿಯೂ ಬೇಡ. ಬೆಳಿಗ್ಗೆ ಎರಡು ಹನಿ, ಸಂಜೆ ಎರಡು ಹನಿ, ಇವತ್ತಿಗೆ ಇಪ್ಪತ್ತೆರಡು ದಿನ ಆಯಿತು. ಕಾಫಿ ಬಣ್ಣದ ಉಂಗುರ ಇನ್ನೂ ಮೂಡಿಲ್ಲ.